ಕಂಬ ಬಿಚ್ಚಿಸಿದ ಮಾತು

ಬಿಲ್ಲು ಬಂದಿತ್ತು. ಬಂದಿಲ್ಲ ಎಂದು ನಾನು ಯಮನಪ್ಪನಿಗೆ ಹೇಳಿದೆ.

ಇದಕ್ಕೂ ಮೊದಲು ಬೇರೊಂದು ವಾಕ್ಯ ಬರೆದಿದ್ದೆ — 'ಬಿಲ್ಲು ಬಂದಿತ್ತೋ ಇಲ್ಲವೋ, ಈಗ ಸರಿಯಾಗಿ ನೆನಪಿಲ್ಲ' ಎಂದು. ಹೊಡೆದುಹಾಕಿದೆ. ಇಷ್ಟು ವರ್ಷ ನಾನು ನಿಂತದ್ದು ಆ ವಾಕ್ಯದ ಆಸರೆಯಲ್ಲೇ.

ತೊಂಬತ್ತರ ದಶಕದ ಕೊನೆ. ಸಿಂದಗಿ ಹತ್ತಿರದ ಹಳ್ಳಿಯೊಂದರಲ್ಲಿ ಶಾಲೆಯ ಕೋಣೆ ಕಟ್ಟುವ ಗುತ್ತಿಗೆ ನನ್ನದು, ಮೊದಲನೆಯದು. ಛತ್ತಿನ ಸೆಂಟ್ರಿಂಗ್ ಕೆಲಸವನ್ನು ಯಂಕಂಚಿಯ ಯಮನಪ್ಪನಿಗೆ ಒಪ್ಪಿಸಿದ್ದೆ, ಸರಕಾರದಿಂದ ಬಿಲ್ಲಿನ ರೊಕ್ಕ ಬಂದೊಡನೆ ಕೊಡುವ ಮಾತಿನ ಮೇಲೆ. ಹಲಗೆ, ಮರದ ಕಂಬ ಎಲ್ಲ ಅವನವೇ, ಆಳುಗಳೂ ಅವನ ಕಡೆಯವರೇ. ಸ್ಲ್ಯಾಬು ಹಾಕಿದ ಮೇಲೆ ಕಾಂಕ್ರೀಟು ಗಟ್ಟಿಯಾಗುವ ತನಕ ಆ ಕಂಬಗಳು ಛತ್ತನ್ನು ಹೊತ್ತು ನಿಂತಿರುತ್ತವೆ. ಗಟ್ಟಿಯಾದರೂ ಸೆಂಟ್ರಿಂಗಿನವರು ಬಿಚ್ಚುವುದಿಲ್ಲ — ರೊಕ್ಕ ಕೈಗೆ ಬರಬೇಕು. ಕಂಬ ನಿಂತಿರುವಷ್ಟು ದಿನ ಒಳಗೆ ಗಿಲಾವು ಆಗದು, ನೆಲ ಆಗದು; ಗುತ್ತೇದಾರ ತಾನಾಗಿ ಹುಡುಕಿಕೊಂಡು ಬರುತ್ತಾನೆ. ಬಾಯಿಮಾತಿನ ಮೇಲೆ ನಡೆಯುವ ನಮ್ಮ ಕಸುಬಿನಲ್ಲಿ ಅವರಿಗಿದ್ದ ಹಿಡಿತ ಅದೊಂದೇ.

ಅಂದು ಅವನು ಬಂದದ್ದು ಬೆಳಿಗ್ಗೆಯೋ, ಇಳಿಹೊತ್ತೋ? ಬೇವಿನ ನೆರಳಿತ್ತು ಎನ್ನುತ್ತದೆ ನೆನಪು. ಮೊನ್ನೆ ಹೋಗಿ ನೋಡಿದೆ, ಆ ಶಾಲೆಯ ಅಂಗಳದಲ್ಲಿ ಬೇವಿನ ಮರವೇ ಇಲ್ಲ. ಕಡಿದಿರಬಹುದು. ಅಥವಾ ಆ ನೆರಳನ್ನು ನಾನೇ ತಂದು ಹಾಸಿಕೊಂಡಿರಬಹುದು. ಮಾತು ಮಾತ್ರ ಹಾಗೇ ಇದೆ.

"ಏನ್ರಿ ಗುತ್ತೇದಾರ್ರ, ನನ್ನ ಕಂಬಗೋಳು ಇಲ್ಲೇ ಬೇರು ಬಿಡೂ ಹಂಗ ಕಾಣತಾವಲ್ರಿ," ಎಂದು ನಕ್ಕ. "ಆಳಿನ ಪಗಾರ ಮುಟ್ಟಿಸಬೇಕ್ರಿ. ಪಂಚಮಿಗಿ ಊರಿಗಿ ಹೊಂಟಾರ."

"ಬಿಲ್ಲ ಇನ್ನೂ ಬಂದಿಲ್ಲ ಕಾಕಾ. ಕಂಬ ತಗದು ಖಾಲಿ ತೋರಿಸಿದ್ರನ ಇಂಜಿನಿಯರ್ ಸಾಹೇಬ್ರು ಬಿಲ್ಲಿಗಿ ಸಹಿ ಮಾಡ್ತಾರಂತ. ನೀ ಬಿಚ್ಚು, ನಾ ಇಲ್ಲೇನು?"

ಅದಕ್ಕೂ ಮೊದಲು ಅವನನ್ನು ಕಾಕಾ ಎಂದು ಕರೆದಿರಲಿಲ್ಲ — ಅಂದುಕೊಳ್ಳುತ್ತೇನೆ.

ಹೇಳುವಾಗ ನಾನು ಕೂತದ್ದು ಹೊಸ ಮೋಟಾರ್ ಸೈಕಲ್ಲಿನ ಮೇಲೆ. ಆ ಬಿಲ್ಲಿನ ರೊಕ್ಕದಲ್ಲೇ ತಂದದ್ದು. ಸೀಟಿನ ಪ್ಲಾಸ್ಟಿಕ್ಕು ಇನ್ನೂ ತೆಗೆದಿರಲಿಲ್ಲ. ಯಮನಪ್ಪ ಅದರ ಮೇಲೆ ಕೈಯಾಡಿಸಿದ. "ಗಾಡಿ ಚಲೋ ಐತ್ರಿ," ಅಂದ. ಆಮೇಲೆ ಆಳುಗಳ ಕಡೆ ತಿರುಗಿ, "ಬಿಚ್ರೆಪಾ," ಅಂದ.

ಇಲ್ಲೇ ನಾನು ಸಿಕ್ಕಿಕೊಳ್ಳುತ್ತೇನೆ. ಅವನಿಗೆ ತಿಳಿಯಿತೇ? ತಿಳಿದೂ ಬಿಚ್ಚಿಸಿದನೇ — ನಾಚಿಕೆಗಾದರೂ ಕೊಟ್ಟಾನು ಎಂದು? ಇಲ್ಲಾ, ಕಾಕಾ ಎಂದದ್ದನ್ನು ನಂಬಿದನೇ? ನಂಬಿದ್ದರೆ ನನ್ನ ತಪ್ಪು ದೊಡ್ಡದು, ನಂಬಿರದಿದ್ದರೆ... ಅದೂ ಚಿಕ್ಕದಾಗುವುದಿಲ್ಲ.

ಕಂಬ ಕೆಳಗಿಳಿದ ಮೇಲೆ ನಾನು ಅವನಿಗೆ ಸಿಗಲಿಲ್ಲ. ಆಮೇಲೆ ಹಿಡಿದ ಇಂಡಿ ಊರಿನ ಸೈಟಿಗೆ ಬಂದರೆ ಮುದ್ದೇಬಿಹಾಳಕ್ಕೆ ಹೋಗಿದ್ದೇನೆಂದು ಹೇಳಿಸಿದೆ. ಮುದ್ದೇಬಿಹಾಳಕ್ಕೆ ಬಂದರೆ ಇಂಡಿಗೆ. ಚೂರುಪಾರು ಕೊಟ್ಟೆ, ಅರ್ಧಕ್ಕೂ ಹೆಚ್ಚು ಉಳಿಸಿಕೊಂಡೆ. ಪಂಚಮಿಗೆ ಬರಿಗೈಯಲ್ಲಿ ಹೋದ ಆಳುಗಳು ಅವನ ಬಳಿಗೆ ತಿರುಗಿ ಬರಲಿಲ್ಲ. ಅವರ ಪಗಾರ ತೀರಿಸಲು ಅವನು ಹಲಗೆ, ಕಂಬಗಳನ್ನೆಲ್ಲ ತಾಳಿಕೋಟೆಯಲ್ಲಿ ಮಾರಿದನಂತೆ.

ಕೆಲವು ವರ್ಷಗಳ ಮೇಲೆ ಬಸವನ ಬಾಗೇವಾಡಿಯಲ್ಲಿ ಕಂಡ. ಬೇರೆಯವರ ಸ್ಲ್ಯಾಬಿನ ಕೆಳಗೆ, ಬೇರೆಯವರ ಕಂಬ ನಿಲ್ಲಿಸುತ್ತ — ಆಳಾಗಿ. ನಾನು ಮುಖ ತಿರುಗಿಸುವ ಮೊದಲೇ ಕೂಗಿದ:

"ಗಾಡಿ ಹೆಂಗೈತ್ರಿ?"

"ಚಲೋ ಐತಿ," ಅಂದೆ. ಅಷ್ಟೇ ಅಂದೆ.

ಅದು ಚುಚ್ಚಿದ್ದೋ, ಸುಮ್ಮನೆ ಕೇಳಿದ್ದೋ — ಎಷ್ಟು ತಿರುಗಿಸಿ ನೋಡಿದರೂ ತಿಳಿಯುವುದಿಲ್ಲ. ತಿಳಿದುಕೊಳ್ಳುವ ನೆಪದಲ್ಲಿ ದಿನ ದೂಡುತ್ತಿದ್ದೇನೆಯೇ ಎಂಬ ಅನುಮಾನವೂ ಇದೆ. ಅವನು ಯಂಕಂಚಿಯಲ್ಲೇ ಇದ್ದಾನಂತೆ. ನಾಳೆಯ ಬಸ್ಸಿಗೆ ಉಳಿದ ರೊಕ್ಕ ಒಯ್ಯುತ್ತೇನೆ. ಆ ಹಲಗೆಗಳು, ಆ ಆಳುಗಳು ಅದರಿಂದ ತಿರುಗಿ ಬರುವುದಿಲ್ಲ. ಅವನ ಅಂಗಳದಲ್ಲಿ ನಿಂತು, ಬಿಲ್ಲು ಅಂದೇ ಬಂದಿತ್ತು ಎನ್ನಬೇಕು.

ಈ ಸಲ ಕಾಕಾ ಎನ್ನುವುದಿಲ್ಲ.