ಐದನೆಯ ಕುಡಿಕೆ

“ಮೊದಲು ಕುಡಿಯೋದಲ್ಲ ಅಮ್ಮ, ನೋಡೋದು. ಬಾಟಲಿನ ಒಂದು ಸಲ ಜೋರಾಗಿ ಅಲ್ಲಾಡಿಸಿದ್ರೆ ಮೇಲೆ ಮುತ್ತಿನ ಹಾಗೆ ಗುಳ್ಳೆ ಏಳತ್ತೆ. ಆ ಗುಳ್ಳೆ ಎಷ್ಟು ಹೊತ್ತು ನಿಲ್ಲತ್ತೆ ಅನ್ನೋದರಲ್ಲೇ ಎಷ್ಟು ಸ್ಟ್ರಾಂಗು ಅಂತ ಗೊತ್ತಾಗತ್ತೆ. ಅಲ್ಲಿ ಹಳಬರು ಮೀಟರ್ ಇಡಲ್ಲ, ಗುಳ್ಳೆ ನೋಡೇ ಹೇಳ್ತಾರೆ. ಆಮೇಲೆ ಎರಡು ತೊಟ್ಟು ಅಂಗೈಗೆ ಹಾಕ್ಕೊಂಡು ಉಜ್ಜೋದು. ಸ್ಪಿರಿಟ್ಟೆಲ್ಲ ಹಾರಿಹೋಗತ್ತೆ, ಗಿಡದ ವಾಸನೆ ಮಾತ್ರ ಕೈಯಲ್ಲಿ ಉಳಿಯತ್ತೆ. ಸುಟ್ಟ ಗೆಣಸಿನ ವಾಸನೆ ಬಂದ್ರೆ ಸರಿಯಾಗಿ ಬೆಂದಿದೆ ಅಂತ. ಬರೀ ಹೊಗೆ ಬಂದ್ರೆ, ಏನನ್ನೋ ಮುಚ್ಚಿಡ್ತಿದಾರೆ ಅಂತ ಅನುಮಾನ ಪಡಬೇಕು. ಆಮೇಲೆ ಕುಡಿಕೆಗೆ ಮೂಗು. ಒಳಗೇ ಇಟ್ಟುಬಿಟ್ರೆ ಮೂಗು ಉರಿದುಹೋಗತ್ತೆ. ಬಾಯಿ ಸ್ವಲ್ಪ ತೆಗೆದುಕೊಂಡು, ದೂರದಿಂದ, ಪಕ್ಕದಮನೆ ಅಡುಗೆ ಏನೂಂತ ಮೂಸ್ತೀವಲ್ಲ, ಹಾಗೆ. ಕೊನೇಲಿ ಗುಟುಕು. ಮೊದಲನೇ ಗುಟುಕಿಗೆ ಮಾರ್ಕ್ಸ್ ಇಲ್ಲ, ಅದು ಬಾಯಿಗೆ ಹೇಳಿಕಳಿಸೋ ಗುಟುಕು. ಎರಡನೇದನ್ನ ನಾಲಗೆ ಮೇಲೆಲ್ಲ ಓಡಾಡಿಸಿ, ಉಗಿದು, ಮೂಗಿಂದ ಉಸಿರು ಬಿಟ್ಟು ಕಾಯೋದು. ಒಳ್ಳೇದಾದ್ರೆ ಹೋದಮೇಲೂ ತಿರುಗಿ ಬಂದು ಮಾತಾಡ್ಸತ್ತೆ. ಇಷ್ಟೇ ನನ್ನ ಕೆಲಸ. ಒಂಬತ್ತು ವರ್ಷದಲ್ಲಿ ಒಂದು ತೊಟ್ಟು ನುಂಗಿಲ್ಲ. ಮೈಸೂರಲ್ಲಿ ನಮ್ಮಪ್ಪ ಮಾತ್ರ ನಾನು ಸೆಂಟ್ ಕಂಪನೀಲಿ ಇದೀನಿ ಅಂದ್ಕೊಂಡಿದಾರೆ.”

ನೀರಜಾ ಇದನ್ನು ಹೇಳಿದ್ದು ನನ್ನೆದುರು ಕೂತು ಹುರುಳಿಕಾಯಿಯ ನಾರು ತೆಗೆಯುತ್ತ. ಜಪಾನಿನ ಕಾವಾಸಾಕಿಯಲ್ಲಿ ನನ್ನ ಮಗಳು ವಸುಧಾ ಇರುವ ಕಟ್ಟಡದಲ್ಲೇ, ಒಂದು ಮಹಡಿ ಕೆಳಗೆ ಅವಳ ಮನೆ. ವಸುಧಾ ಬೆಳಗ್ಗೆ ಏಳಕ್ಕೆ ರೈಲು ಹಿಡಿದರೆ ಬರುವುದು ಸಂಜೆಗೆ. ಹಗಲು ಹೊತ್ತಿನಲ್ಲಿ ನನಗೆ ಕನ್ನಡ ಕಿವಿಗೆ ಬೀಳುತ್ತಿದ್ದುದು ನೀರಜಾಳ ಮನೆಯಲ್ಲಿ ಮಾತ್ರ.

ಅವಳು ರುಚಿ ನೋಡುವ ಪದಾರ್ಥದ ಹೆಸರು ಮೆಸ್ಕಾಲ್. ಮೆಕ್ಸಿಕೊ ದೇಶದ ಕತ್ತಾಳೆಯಿಂದ ಬಟ್ಟಿಯಿಳಿಸಿದ್ದು. ನಾವು ಕತ್ತಾಳೆಯನ್ನು ಬೇಲಿಗೆ ನೆಟ್ಟವರು, ಕೊಳೆಹಾಕಿ ನಾರು ತೆಗೆದು ಹಗ್ಗ ಹೊಸೆದವರು. ಅದರ ಮುಳ್ಳು ಚುಚ್ಚಿದರೆ ಎರಡು ದಿನ ಕೈ ಊದಿಕೊಳ್ಳುತ್ತಿತ್ತು. ಅದರ ನಡುವಿನ ಗಡ್ಡೆಯನ್ನು ನೆಲದಲ್ಲಿ ಗುಂಡಿ ತೋಡಿ, ಕಾದ ಕಲ್ಲಿನ ಮೇಲಿಟ್ಟು, ಮಣ್ಣು ಮುಚ್ಚಿ ದಿನಗಟ್ಟಲೆ ಬೇಯಿಸಿ, ಜಜ್ಜಿ, ಹುಳಿಬರಿಸಿ, ಮಣ್ಣಿನ ಮಡಕೆಯಲ್ಲೋ ತಾಮ್ರದಲ್ಲೋ ಬಟ್ಟಿಯಿಳಿಸುವ ಜನ ಇದ್ದಾರೆಂದು ನನಗೇನು ಗೊತ್ತು! ಆ ಗಿಡ ಬಲಿಯಲು ಹತ್ತು ಹದಿನೈದು ವರ್ಷ ಬೇಕಂತೆ. “ಒಂದು ಬಾಟಲಿ ಅಂದ್ರೆ ಒಂದು ಮಗು ಹೈಸ್ಕೂಲಿಗೆ ಬಂದ ಹಾಗೆ ಅಮ್ಮ” ಎಂದಿದ್ದಳು.

ಅವಳಿಗೆ ಈ ಮೂಗು ಬಂದದ್ದು ತಾಯಿಯಿಂದ. ಮೈಸೂರಿನ ಒಂದು ಸಣ್ಣ ಊದುಬತ್ತಿ ಕಾರ್ಖಾನೆಯಲ್ಲಿ ತಾಯಿಗೆ ಮಸಾಲೆ ಪರೀಕ್ಷಿಸುವ ಕೆಲಸ. ಸಂಜೆ ಮನೆಗೆ ಬಂದವರು ಮಗಳ ಕಣ್ಣು ಮುಚ್ಚಿ, ಬೆರಳು ಮೂಗಿಗೆ ಹಿಡಿದು, “ಗಂಧವೋ ಗಂಧದೆಣ್ಣೆಯೋ ಹೇಳು” ಎನ್ನುತ್ತಿದ್ದರಂತೆ. ನೀರಜಾ ಬಿ.ಎಸ್ಸಿ. ಮುಗಿಸಿ ಹರಿಪ್ರಸಾದನನ್ನು ಮದುವೆಯಾಗಿ, ಅವನ ಕಂಪನಿ ಕಳಿಸಿದಾಗ ಜೊತೆಗೆ ಇಲ್ಲಿಗೆ ಬಂದಳು. ಮನೆಯಲ್ಲಿ ಕೂತು ಬೇಸರವಾಗಿ, ಸ್ಟೇಷನ್ನಿನ ಹತ್ತಿರ ಹೊರದೇಶದ ಮದ್ಯ ತರಿಸುವ ಒಂದು ಸಣ್ಣ ಅಂಗಡಿಯಲ್ಲಿ ದಿನಕ್ಕೆ ಐದು ಗಂಟೆ ಬಾಟಲಿ ಜೋಡಿಸುವ ಕೆಲಸ ಹಿಡಿದಳು. ಮೂರನೇ ತಿಂಗಳಲ್ಲಿ ಒಂದು ದಿನ ಯಜಮಾನ ಮೊರಿತಾ ಸಾನ್ (ಸಾನ್ ಅಂದರೆ ನಮ್ಮ ‘ಅವರು’ ಇದ್ದ ಹಾಗೆ) ಹತ್ತಿರ ಹೋಗಿ, “ಸುಮಿಮಾಸೆನ್, ಕ್ಷಮಿಸಿ, ಈ ಪೆಟ್ಟಿಗೆಯಲ್ಲಿ ಒದ್ದೆ ಗೋಣಿಚೀಲದ ವಾಸನೆ ಬರುತ್ತಿದೆ” ಎಂದಳಂತೆ. ಬಿಚ್ಚಿ ನೋಡಿದರೆ ಮೂರು ಬಾಟಲಿಯ ಬಿರಡೆಗೆ ಬೂಷ್ಟು ಹಿಡಿದಿತ್ತು. ಆವತ್ತಿನಿಂದ ಅವರು ಅವಳಿಗೆ ರುಚಿ ನೋಡುವುದನ್ನು ಕಲಿಸಿದರು.

ವರ್ಷಕ್ಕೊಮ್ಮೆ ಅಂಗಡಿಗೆ ಮೆಕ್ಸಿಕೊದ ಬೇರೆ ಬೇರೆ ಮನೆತನದವರು ಮಾಡಿದ ಮಾದರಿ ಬರುತ್ತದೆ. ಹೆಸರಿಲ್ಲ, ನಂಬರು ಮಾತ್ರ. ಮೂವರು ಮಾರ್ಕ್ಸ್ ಹಾಕುತ್ತಾರೆ: ಮೊರಿತಾ ಸಾನ್, ಅಲ್ಲಿಯ ಹಳೆಯ ಕೆಲಸಗಾರ ಕುರಾತಾ ಸಾನ್, ನೀರಜಾ. ಮೊದಲ ಸುತ್ತು ಅಂಗಡಿಯಲ್ಲಿ, ಗಾಜಿನ ಲೋಟದಲ್ಲಿ. ಬಾಟಲಿ ತೆರೆದು ಎರಡು ದಿನವಾದ ಮೇಲೆ ಎರಡನೆಯ ಸುತ್ತು ಅವರವರ ಮನೆಯಲ್ಲಿ, ಆ ದೇಶದವರು ಕುಡಿಯುವಂಥ ಕಪ್ಪು ಮಣ್ಣಿನ ಕುಡಿಕೆಯಲ್ಲಿ, ಒಂದೊಂದು ಮಾದರಿಗೆ ಒಂದೊಂದು. ಕಾಗದದ ಕೊನೆಯಲ್ಲಿ ‘ದೋಷ’ ಎಂಬ ಒಂದು ಚೌಕ. ಮೂವರಲ್ಲಿ ಒಬ್ಬರು ಅಲ್ಲಿ ಗುರುತು ಹಾಕಿದರೂ ಆ ಮಾದರಿ ಹೊರಗೆ. ಮಾರ್ಕ್ಸ್ ಎಷ್ಟೇ ಬಂದಿರಲಿ.

ಕುರಾತಾ ಸಾನ್‌ಗೆ ಇವಳ ಮೇಲೆ ಮೊದಲಿನಿಂದಲೂ ಒಂದು ಕಣ್ಣು. “ನುಂಗದವರಿಗೆ ಅರ್ಧ ಮಾತ್ರ ಗೊತ್ತಾಗುವುದು” ಎಂದು ಎಲ್ಲರೆದುರು ನಗುನಗುತ್ತಲೇ ಹೇಳುತ್ತಿದ್ದರಂತೆ. ಇವಳೂ ನಗುತ್ತಿದ್ದಳು. ವರ್ಷವರ್ಷವೂ ಹೊಸದಾಗುವ ಅವಳ ಕೆಲಸ ಈ ಅಕ್ಟೋಬರಿನಲ್ಲಿ ಪರ್ಮನೆಂಟ್ ಆಗುವುದರಲ್ಲಿತ್ತು.

ಆಗಸ್ಟಿನಲ್ಲಿ ವರಮಹಾಲಕ್ಷ್ಮಿ ಹಬ್ಬ ಬಂತು. ಸುತ್ತಲಿನ ನಮ್ಮ ಹೆಂಗಸರು ಎಂಟು ಜನ ನೀರಜಾಳ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದೆವು. ನನ್ನ ಕೈಗೂ ತೀರ್ಥ ಬಂತು. ಪಚ್ಚಕರ್ಪೂರ ಸ್ವಲ್ಪ ಮುಂದಾಗಿತ್ತು, ಗಂಟಲಿಗೆ ತಣ್ಣಗೆ ಹತ್ತಿತು. ಹಬ್ಬದ ಮಾರನೆಯ ದಿನದಿಂದ ಅವಳ ಮನೆಯಲ್ಲಿ ಒಗ್ಗರಣೆ ನಿಂತಿತು. ಪರೀಕ್ಷೆ ಮುಗಿಯುವ ತನಕ ಇಂಗಿಲ್ಲ, ಊದುಬತ್ತಿಯಿಲ್ಲ, ತಲೆಗೆ ಕೊಬ್ಬರಿ ಎಣ್ಣೆಯಿಲ್ಲ, ಕಾಫಿ ಹುಡಿಯ ಡಬ್ಬ ನಮ್ಮ ಮನೆಗೆ ವರ್ಗ. ಹರಿಪ್ರಸಾದ ಬೆಳಗ್ಗೆ ನಮ್ಮಲ್ಲಿಗೆ ಬಂದು ಕಾಫಿ ಕುಡಿದು ಹೋಗುತ್ತಿದ್ದ. “ಅಮ್ಮ, ನಮ್ಮನೇಲಿ ಈಗ ಹಾಸ್ಪಿಟಲ್ ಊಟ. ಪೇಷೆಂಟ್ ಯಾರೂ ಇಲ್ಲ, ಡಾಕ್ಟರ್ ಮಾತ್ರ ಇದಾಳೆ.”

ಎರಡನೆಯ ಸುತ್ತು ಮುಗಿಸಿ ಕಾಗದ ಕೊಟ್ಟುಬಂದ ದಿನ ನೀರಜಾಳ ಮುಖ ಬೆಳಗುತ್ತಿತ್ತು. ಐದನೆಯ ನಂಬರಿಗೆ ಅವಳು ದೋಷದ ಗುರುತು ಹಾಕಿದ್ದಳು. ಮೊದಲ ಸುತ್ತಿನಲ್ಲಿ ಚೆನ್ನಾಗಿಯೇ ಇದ್ದದ್ದು, ಎರಡು ದಿನ ಗಾಳಿಯಾಡಿದ ಮೇಲೆ ಔಷಧಿ ಬೀರುವಿನಂಥ ಒಂದು ತಣ್ಣನೆಯ ವಾಸನೆ ಬಿಟ್ಟಿತು ಎಂದು ಬರೆದಿದ್ದಳು. ಉಳಿದಿಬ್ಬರಿಗೆ ಅದು ಸಿಕ್ಕಿರಲಿಲ್ಲ. ಕುರಾತಾ ಸಾನ್ ಎರಡು ಸಲ ಮೂಸಿ ಇಲ್ಲವೆಂದು ತಲೆಯಾಡಿಸಿದರಂತೆ. ಮೊರಿತಾ ಸಾನ್ ಮಾತ್ರ, “ನಮ್ಮ ಮೂಗಿಗೆ ವಯಸ್ಸಾಯಿತು, ಇದು ಆಕೆಗೆ ಸಿಕ್ಕಿದೆ” ಎಂದು ಎಲ್ಲರೆದುರು ಹೊಗಳಿದರಂತೆ. ಲೆಕ್ಕ ಮುಗಿದ ಮೇಲೆ ಹೆಸರು ಬಿಚ್ಚಿದಾಗ ಐದು ಯಾರದೆಂದು ಗೊತ್ತಾಯಿತು. ಬೆಟ್ಟದ ಮೇಲಿನ ಒಂದು ಊರಿನ ಹೆಂಗಸು, ಗಂಡ ಹೋದಮೇಲೆ ಒಬ್ಬಳೇ ಮಣ್ಣಿನ ಮಡಕೆಯಲ್ಲಿ ಇಳಿಸುವವಳು. ಹೊರದೇಶಕ್ಕೆ ಕಳಿಸಿದ್ದು ಇದೇ ಮೊದಲ ಸಲ. ಆಯ್ಕೆಯಾದವರಿಗೂ ಆಗದವರಿಗೂ ಶುಕ್ರವಾರ ಪತ್ರ ಹೋಗುವುದೆಂದಾಯಿತು. ನೀರಜಾ ಇದನ್ನು ಹೇಳಿದ್ದು ಬುಧವಾರ ಸಂಜೆ, ಅವಳ ಅಡುಗೆಮನೆಯಲ್ಲಿ.

ನನಗೆ ಆ ಹೊತ್ತಿಗೆ ಬಿ.ಪಿ. ಮಾತ್ರೆ ನುಂಗುವುದಿತ್ತು. ಸಿಂಕಿನ ಪಕ್ಕದಲ್ಲಿ ಬಟ್ಟೆಯ ಮೇಲೆ ಆರು ಕುಡಿಕೆ ತೊಳೆದು ಬೋರಲು ಹಾಕಿದ್ದಳು. ಕೈಗೆ ಸಿಕ್ಕಿದ ಒಂದರಲ್ಲಿ ನೀರು ಹಿಡಿದೆ.

“ಅಯ್ಯೋ ಅಮ್ಮ, ಅದು ಹೆಂಡದ ಕುಡಿಕೆ!” ಎಂದು ನಕ್ಕಳು.

“ತೊಳೆದಿದೀಯಲ್ಲ, ಬಿಡು. ನನ್ನ ಮಾತ್ರೆಗೇನು ಗೊತ್ತಾಗತ್ತೆ” ಎಂದು ಕುಡಿದೆ. ನುಂಗಿದ ಮೇಲೆ ಗಂಟಲಿಗೆ ತಣ್ಣಗೆ ಏನೋ ಹತ್ತಿತು. “ಇದರಲ್ಲಿ ಹೆಂಡ ಎಲ್ಲಿತ್ತೇ? ಇದು ನೀನು ಹಬ್ಬದ ದಿನ ತೀರ್ಥ ಕೊಟ್ಟ ಕುಡಿಕೆಯಲ್ವಾ?”

ಅವಳ ನಗು ಅಲ್ಲೇ ನಿಂತಿತು. ಕುಡಿಕೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಮೂಗಿಗೆ ಹಿಡಿದಳು. ಅದರಲ್ಲಿ ನೀರು ತುಂಬಿ, ಅಂಗೈ ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೂಸಿದಳು. ಆಮೇಲೆ ಉಳಿದ ಐದನ್ನೂ ಒಂದೊಂದಾಗಿ. ಕೊನೆಗೆ ಅವಳು ನೆಲದ ಮೇಲೇ ಕೂತುಬಿಟ್ಟಳು.

ನಡೆದದ್ದು ಇಷ್ಟು. ಅವಳ ಪಂಚಪಾತ್ರೆ ಮೈಸೂರಿನಲ್ಲೇ ಉಳಿದಿತ್ತು. ಹಬ್ಬದ ದಿನ ತೀರ್ಥಕ್ಕೆ ಎಂಜಲು ಮುಟ್ಟದ ಪಾತ್ರೆ ಬೇಕಿತ್ತು. ಅಡುಗೆಮನೆಯ ಲೋಟ ಬಟ್ಟಲು ಎಲ್ಲವೂ ತಿಂದು ಕುಡಿದವೇ. ಪರೀಕ್ಷೆಗೆಂದು ಅಂಗಡಿಯವರು ಕೊಟ್ಟಿದ್ದ ಹೊಸ ಕುಡಿಕೆಗಳು ಮಾತ್ರ ಪೆಟ್ಟಿಗೆಯಲ್ಲಿ ಹಾಗೇ ಇದ್ದವು. ಹೊಸ ಮಣ್ಣು, ಯಾರ ತುಟಿಯೂ ತಾಗಿಲ್ಲ, ಮಡಿಗೆ ಇನ್ನೇನು ಬೇಕು? ಒಂದನ್ನು ತೆಗೆದು ತುಳಸಿ, ಏಲಕ್ಕಿ, ಪಚ್ಚಕರ್ಪೂರ ಹಾಕಿ ನೀರು ತುಂಬಿದಳು. ಮಧ್ಯಾಹ್ನದಿಂದ ಸಂಜೆಯ ತನಕ ದೇವರ ಮುಂದಿತ್ತು. ಆಮೇಲೆ ನೀರಿನಲ್ಲಿ ತೊಳೆದು ಒಣಗಿಸಿ ಪೆಟ್ಟಿಗೆಗೆ ಹಾಕಿದಳು. ಸುಡುಮಣ್ಣು ಹೀರಿಕೊಂಡದ್ದನ್ನು ಬಿಡುವುದುಂಟೇ? ಐದನೆಯ ಮಾದರಿಗೆ ಸಿಕ್ಕಿದ್ದು ಅದೇ ಕುಡಿಕೆ, ಮೆಸ್ಕಾಲ್ ಬಿದ್ದಾಗ ಬಿಟ್ಟಿತು.

ಹರಿಪ್ರಸಾದ ಆಫೀಸಿನಿಂದ ಬಂದವನು ಎಲ್ಲವನ್ನೂ ಕೇಳಿ, ಬ್ಯಾಗು ಇನ್ನೂ ಹೆಗಲಲ್ಲಿರುವಾಗಲೇ ಹೇಳಿದ, “ನೋಡು, ಯಾರಿಗೂ ಗೊತ್ತಾಗಲ್ಲ. ಮುಂದಿನ ವರ್ಷ ಆಕೆ ಮತ್ತೆ ಕಳಿಸ್ತಾರೆ, ಆಗ ಒಳ್ಳೆ ಮಾರ್ಕ್ಸ್ ಕೊಡು. ಸಿಂಪಲ್.”

“ಮುಂದಿನ ವರ್ಷ ಕಳಿಸ್ತಾರೆ ಅಂತ ನಿಂಗ್ಯಾರು ಹೇಳಿದ್ದು? ನಿನ್ನ ಮಾಲಲ್ಲಿ ದೋಷ ಇದೆ ಅಂತ ಬರೆದಮೇಲೆ ಯಾರು ಕಳಿಸ್ತಾರೆ ಹರಿ?”

“ಅಕ್ಟೋಬರ್ ಬರ್ತಿದೆ ಕಣೇ. ಆ ಕುರಾತಾ ಇದಕ್ಕೇ ಕಾಯ್ತಿದಾನೆ.”

“ಗೊತ್ತು.”

“ಹೋಗಲಿ, ಮೂಗು ಕಟ್ಟಿತ್ತು ಅಂತ ಹೇಳು. ಕೋಲ್ಡ್ ಇತ್ತು, ಮತ್ತೆ ನೋಡ್ತೀನಿ ಅಂತ. ಪೂಜೆ ಗೀಜೆ ಎಲ್ಲ ಯಾಕೆ ಹೇಳ್ಬೇಕು?”

ಇದು ಅವಳ ಮನಸ್ಸಿಗೂ ಬಂದಿತ್ತೆಂದು ಕಾಣುತ್ತದೆ. “ಮೂಗು ಕಟ್ಟಿದ್ರೆ ಇಲ್ಲದ ವಾಸನೆ ಬರಲ್ಲ, ಇರೋದು ಹೋಗತ್ತೆ. ಅಷ್ಟು ಅವರಿಗೆ ಗೊತ್ತಾಗಲ್ವಾ?” ಎಂದಳು. ಹರಿಪ್ರಸಾದ ನನ್ನ ಕಡೆ ತಿರುಗಿ, “ಅಮ್ಮ, ನೀವಾದ್ರೂ ಹೇಳಿ” ಎಂದ. ಆ ಮಾತ್ರೆಯನ್ನು ನಮ್ಮ ಮನೆಯಲ್ಲೇ ನುಂಗಿ ಬಂದಿದ್ದರೆ ಚೆನ್ನಾಗಿತ್ತೇನೋ ಎಂದು ನಾನು ಯೋಚಿಸುತ್ತಿದ್ದೆ. ಅದನ್ನು ಹೇಳಿದರೆ ಯಾರಿಗೂ ಉಪಯೋಗವಿರಲಿಲ್ಲ.

ಗುರುವಾರ ಅವಳು ಕುಡಿಕೆಯನ್ನು ಕೈವಸ್ತ್ರದಲ್ಲಿ ಸುತ್ತಿಕೊಂಡು, ಪಚ್ಚಕರ್ಪೂರದ ಡಬ್ಬಿಯನ್ನೂ ಬ್ಯಾಗಿಗೆ ಹಾಕಿಕೊಂಡು ಹೋದಳು. ಅಲ್ಲಿ ನಡೆದದ್ದನ್ನು ಸಂಜೆ ನಮ್ಮ ಮನೆಗೆ ಬಂದು ಹೇಳಿದಳು.

ಮೊರಿತಾ ಸಾನ್ ಕುಡಿಕೆಗೆ ಬಿಸಿನೀರು ಹಾಕಿ ಮೂಸಿದರಂತೆ. ಡಬ್ಬಿಯ ಮುಚ್ಚಳ ತೆಗೆದು ಅದನ್ನೂ ಮೂಸಿದರಂತೆ. “ಇದು ತಿನ್ನುವುದೇ?” ಎಂದು ಕೇಳಿ, ಒಂದು ಹರಳು ನಾಲಗೆಗೆ ಹಾಕಿಕೊಂಡು, ತುಂಬ ಹೊತ್ತು ಕಣ್ಣು ಮುಚ್ಚಿ ಕೂತರಂತೆ. ಅವಳು ತಲೆ ಬಗ್ಗಿಸಿ ನಿಂತೇ ಇದ್ದಳು. ಕುರಾತಾ ಸಾನ್ ಕೇಳಿದ್ದು ಒಂದೇ ಮಾತು: “ಉಳಿದ ಐದು ಕುಡಿಕೆಯಲ್ಲಿ ಏನೇನಿತ್ತು?”

“ಏನೂ ಇರಲಿಲ್ಲ ಅಂತ ಹೇಳ್ಬಹುದಿತ್ತು ಅಮ್ಮ. ನಿಜವಾಗ್ಲೂ ಏನೂ ಇರಲಿಲ್ಲ. ಆದ್ರೆ ನನ್ನ ಮಾತನ್ನ ಅವರು ಯಾಕೆ ನಂಬಬೇಕು ಅನ್ನಿಸಿಬಿಡ್ತು. ಸುಮ್ಮನೆ ನಿಂತೆ.”

ಅವಳ ಎರಡನೆಯ ಸುತ್ತಿನ ಮಾರ್ಕ್ಸ್ ಅಷ್ಟನ್ನೂ ಹೊಡೆದುಹಾಕಿದರು. ಇನ್ನು ಮುಂದೆ ಮನೆಯಲ್ಲಿ ಪರೀಕ್ಷೆಯಿಲ್ಲ, ಎರಡು ಸುತ್ತೂ ಅಂಗಡಿಯಲ್ಲೇ ಎಂದಾಯಿತು. ಮಧ್ಯಾಹ್ನ ಆರು ಮಾದರಿಯನ್ನೂ ಅವರಿಬ್ಬರೇ ಮತ್ತೆ ನೋಡಿದರು. ನೀರಜಾ ಬಾಗಿಲ ಹತ್ತಿರ ನಿಂತು ಲೋಟಕ್ಕೆ ಬಗ್ಗಿಸಿ, ಮೇಲೆ ಮುಚ್ಚಳ ಇಟ್ಟು, ಅವರು ಉಗಿದ ಪಾತ್ರೆಯನ್ನು ಖಾಲಿ ಮಾಡಿ ತಂದಿಡುವ ಕೆಲಸ ಮಾಡಿದಳು. ಕಾಗದ ಅವಳ ಕೈಗೆ ಬರಲಿಲ್ಲ. ಐದನೆಯದನ್ನು ಬಗ್ಗಿಸುವಾಗ ಅಂಗೈಗೆ ಒಂದು ತೊಟ್ಟು ಸಿಡಿಯಿತಂತೆ.

“ಒರೆಸ್ಕೊಳ್ಳಲಿಲ್ಲ. ಉಜ್ಜಿಕೊಂಡೆ. ಮಳೆ ಬಿದ್ದ ಮಣ್ಣು, ಸುಟ್ಟ ಗೆಣಸು, ಆಮೇಲೆ ಒಂಚೂರು ಕಿತ್ತಳೆ ಸಿಪ್ಪೆ. ಆಕೆ ಏನೂ ತಪ್ಪು ಮಾಡಿರಲಿಲ್ಲ ಅಮ್ಮ.”

ಶುಕ್ರವಾರ ಪತ್ರ ಹೋಯಿತು. ಆಯ್ಕೆಯಾದ ಮೂವರಲ್ಲಿ ಐದನೆಯ ನಂಬರಿನ ಹೆಂಗಸು ಕೊನೆಯವಳು. ಅರುವತ್ತು ಬಾಟಲಿ ಬೇಕೆಂದು ಬರೆದರಂತೆ. ನೀರಜಾಳ ಪರ್ಮನೆಂಟ್ ವಿಷಯಕ್ಕೆ ಮೊರಿತಾ ಸಾನ್, “ಮುಂದಿನ ವರ್ಷ ನೋಡೋಣ” ಎಂದರು. ಕೆಲಸಕ್ಕೆ ಬರಬೇಡ ಎನ್ನಲಿಲ್ಲ. ಆ ಮಾತಿನಲ್ಲಿ ಕೋಪವೆಷ್ಟು ದಯೆಯೆಷ್ಟು ಎಂದು ಅವಳಿಗೂ ತಿಳಿಯಲಿಲ್ಲವಂತೆ. ಇಲ್ಲಿಯವರ ಮಾತು ಹಾಗೆ. ಕುಡಿಕೆಯನ್ನು ಮಾತ್ರ ಅವಳಿಗೇ ವಾಪಸು ಕೊಟ್ಟು, “ಇದು ಇನ್ನು ನಮ್ಮದಲ್ಲ” ಎಂದರಂತೆ. ಅದು ಈಗ ಅವಳ ದೇವರ ಗೂಡಿನಲ್ಲಿದೆ.

ಶನಿವಾರ ಬೆಳಗ್ಗೆ ನಾನು ಕಾಫಿ ಹುಡಿಯ ಡಬ್ಬ ಹಿಂದಿರುಗಿಸಲು ಹೋದೆ. ಒಲೆಯ ಮೇಲೆ ಹುಳಿ ಕುದಿಯುತ್ತಿತ್ತು. ಹರಿಪ್ರಸಾದ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ.

“ಎರಡು ವಾರ ಆಯ್ತು ಅಮ್ಮ, ನಮ್ಮನೇಲಿ ಸಾಸಿವೆ ಸಿಡಿದ ಸದ್ದು ಕೇಳಿ.”

“ಅಲ್ಲಿ ನಿಂತು ಕಾಮೆಂಟರಿ ಕೊಡಬೇಡ. ಕರಿಬೇವು ಫ್ರೀಜರಲ್ಲಿದೆ, ತೆಗೆದುಕೊಡು” ಎಂದಳು ನೀರಜಾ. ಅವನು ಕೊಟ್ಟ ಎಸಳುಗಳನ್ನು ಕೊಡವಿ, ಕಿಟಕಿ ತೆರೆದು, ಫ್ಯಾನು ಹಾಕಿ, ಸೌಟಿನಲ್ಲಿ ಎಣ್ಣೆ ಕಾಯಲಿಟ್ಟಳು. ಸಾಸಿವೆ ಸಿಡಿದ ಮೇಲೆ ಇಂಗು ಹಾಕಿದಳು.