ಅಕ್ಕೋರು ಮತ್ತು ಬಸ್ತರದ ಮೈನಾ

ನಮ್ಮ ಅಕ್ಕೋರ ಎಡಗಿವಿಯ ಹಾಲೆ ನಡುವೆ ಸೀಳಿ ಎರಡಾಗಿತ್ತು. ಓಲೆ ನಿಲ್ಲಲು ಅಲ್ಲಿ ಜಾಗವೇ ಇರಲಿಲ್ಲ. ಬಲಗಿವಿಯಲ್ಲಿ ಮಾತ್ರ ಒಂದು ಕೆಂಪು ಹರಳಿನ ಬೆಂಡೋಲೆ. ನಡೆಯುವಾಗ ಆ ಸೀಳಿದ ಕಿವಿಯನ್ನು ತುಸು ಮುಂದೆ ಮಾಡಿ, ಏನನ್ನೋ ಆಲಿಸುತ್ತಿರುವವರಂತೆ ತಲೆ ವಾಲಿಸಿ ನಡೆಯುತ್ತಿದ್ದರು. ಮೊದಲ ಸಲ ಕಂಡಾಗ ನಾನು ಅಂಜಿ ಅವ್ವನ ಸೆರಗಿನ ಹಿಂದೆ ಸರಿದಿದ್ದೆ. "ಏನಾತ್ರೀ ಕಿವಿಗೆ?" ಎಂದು ಅವ್ವ ಕೇಳಿದರೆ, "ಹಕ್ಕಿ ಜಗ್ಗಿತ್ರೀ. ಸಾಕಿದ ಹಕ್ಕಿ" ಎಂದು ನಕ್ಕು ಮಾತು ಬದಲಿಸಿದರು.

ಅಪ್ಪನಿಗೆ ಗದಗಿನಿಂದ ನಾಗಪುರಕ್ಕೆ ವರ್ಗವಾದದ್ದು ಐವತ್ತರ ದಶಕದ ಮೊದಲ ವರ್ಷಗಳಲ್ಲಿ. ರೈಲ್ವೆ ಕ್ವಾರ್ಟರ್ಸಿನ ನಮ್ಮ ಸಾಲಿನಲ್ಲಿ ಕನ್ನಡ ಬಲ್ಲವರು ಒಬ್ಬರೂ ಇರಲಿಲ್ಲ. ಅವ್ವ ತಿಂಗಳುಗಟ್ಟಲೆ ಕೈಸನ್ನೆಯಲ್ಲೇ ಕಾಯಿಪಲ್ಯ ಕೊಂಡಳು. ಒಂದು ದಿನ ಸೀತಾಬರ್ಡಿಯ ಸಂತೆಯಲ್ಲಿ ಯಾರೋ ಬದನೆಕಾಯಿ ಹೊರಳಿಸಿ ನೋಡುತ್ತ, "ಬರೇ ಹುಳುಕ ತುಂಬ್ಯಾವ" ಎಂದು ತಮ್ಮಷ್ಟಕ್ಕೆ ಗೊಣಗಿದ್ದು ಕೇಳಿ ಅವ್ವ ಅವರ ಕೈಯನ್ನೇ ಹಿಡಿದುಬಿಟ್ಟಳು. ಅವರೇ ಅಕ್ಕೋರು. ಧಾರವಾಡದ ಕಡೆಯವರು, ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕಲಿಸುತ್ತಿದ್ದರು. ಗಂಡ ಅರಣ್ಯ ಇಲಾಖೆಯವರು. ಬಸ್ತರದ ಕಾಡುಗಳಲ್ಲೇ ಇದ್ದು ವರ್ಷಕ್ಕೊಮ್ಮೆ ಬಂದರೆ ಬಂದರು. ಊರೆಲ್ಲ ಅವರನ್ನು ಮರಾಠಿ ರೂಢಿಯಂತೆ 'ಬಾಯಿ' ಎಂದು ಕರೆಯುತ್ತಿತ್ತು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರನ್ನು ಕರೆಯುವಂತೆ ಅಕ್ಕೋರು ಎನ್ನುತ್ತಿದ್ದವರು ನಾವು ಮಾತ್ರ.

ಊರ ನಡುವೆ ಒಂದು ದೊಡ್ಡ ಸಾರ್ವಜನಿಕ ತೋಟವಿತ್ತು. ಬೇಸಿಗೆ ರಜೆಯಲ್ಲಿ ಅಲ್ಲಿ ಮನೆಮಂದಿಯನ್ನೆಲ್ಲ ಸೇರಿಸಿ ಗಿಡಮರ, ಹಕ್ಕಿಗಳನ್ನು ಪರಿಚಯಿಸುವ ಒಂದು ಕಾರ್ಯಕ್ರಮ ನಡೆಯುತ್ತಿತ್ತು. ಅದನ್ನು ನಡೆಸುತ್ತಿದ್ದವರು ಅಕ್ಕೋರು. ನಾಗಪುರದ ಬೇಸಿಗೆಯಲ್ಲಿ ಮಧ್ಯಾಹ್ನ ಯಾರೂ ಹೊರಗೆ ಬರುವಂತಿರಲಿಲ್ಲ. ಲೂ ಎಂಬ ಬಿಸಿಗಾಳಿ ಕುಲುಮೆಯ ತಿದಿಯಂತೆ ಊದುತ್ತಿತ್ತು. ಬಿಸಿಲು ಇಳಿದ ಮೇಲೆ ತಾಯಂದಿರು ಬಿಸಿಗಾಳಿ ಬಡಿಯದಿರಲೆಂದು ಮಕ್ಕಳ ಕಿಸೆಯಲ್ಲಿ ಒಂದೊಂದು ಉಳ್ಳಾಗಡ್ಡಿ ಇಟ್ಟು, ಮಾವಿನಕಾಯಿಯ ಪನ್ನಾ ತುಂಬಿದ ತಂಬಿಗೆ ಹಿಡಿದು ತೋಟಕ್ಕೆ ಬರುತ್ತಿದ್ದರು. ಮಾಲಿಗಳು ನೀರು ಚಿಮುಕಿಸಿದ ನೆಲದಿಂದ ಹಬೆ ಏಳುತ್ತಿರುವಾಗಲೇ ಅಕ್ಕೋರು ನಮ್ಮನ್ನು ಕರೆದುಕೊಂಡು ಹೊರಡುತ್ತಿದ್ದರು.

ಅವರ ಪಾಠ ಶಾಲೆಯ ಪಾಠದಂತಿರಲಿಲ್ಲ. ಮೊದಲು ಎಲ್ಲರೂ ಕಣ್ಣು ಮುಚ್ಚಬೇಕು. ಅಪ್ಪಂದಿರೂ ಮುಚ್ಚಬೇಕು. ಒಂದು ಹಳೆಯ ಶಿರೀಷದ ಮರದ ಕೆಳಗೆ ನಿಲ್ಲಿಸುತ್ತಿದ್ದರು. ಬೇಸಿಗೆಯಲ್ಲಿ ಅದರ ಒಣಕಾಯಿಗಳು ಗೊಂಚಲು ಗೊಂಚಲಾಗಿ ಜೋತು, ಸಣ್ಣ ಗಾಳಿಗೂ ಗಲಗಲ ಅನ್ನುತ್ತವೆ. ಕಣ್ಣು ಮುಚ್ಚಿ ಕೇಳಿದರೆ ಪಕ್ಕದ ಮನೆಯಲ್ಲಿ ಬಹಳ ಮಂದಿ ದನಿ ತಗ್ಗಿಸಿ ಮಾತಾಡುತ್ತಿದ್ದಂತೆ ಕೇಳುತ್ತಿತ್ತು. ನಾನು ಅವ್ವನ ಕೈ ಹುಡುಕುತ್ತಿದ್ದೆ. "ಅಂಜಬ್ಯಾಡ. ಅವು ತಮ್ಮ ಮಾತ ತಾವು ಆಡ್ಕೋತಾವ. ನಮ್ಮನ್ನ ಕರದಾಗಷ್ಟ ಓ ಅನ್ನಬೇಕು" ಎಂದು ನನ್ನ ಕಿವಿಯ ಹತ್ತಿರ ಹೇಳುತ್ತಿದ್ದರು. ಆಮೇಲೆ ಪೊಟರೆಯ ಗೂಗೆ, ಆಲದ ಕೊಂಬೆಯಿಂದ ಹೊಗೆ ಎದ್ದಂತೆ ಏಳುವ ಬಾವಲಿಗಳು, ಉಜ್ಜಿದರೆ ನಾರುವ ಎಲೆ, ಕಂಪು ಸೂಸುವ ಎಲೆ. ಯಾರಾದರೂ ಹೂ ಕಿತ್ತರೆ ಬೈಯುತ್ತಿರಲಿಲ್ಲ. ಸುಮ್ಮನೆ ಅವರನ್ನೇ ನೋಡುತ್ತಿದ್ದರು. ಆ ನೋಟಕ್ಕೆ ಕೈ ತಾನೇ ಬಿಚ್ಚಿಕೊಳ್ಳುತ್ತಿತ್ತು.

ಕೊನೆಗೆ ಹಕ್ಕಿಗಳ ಪಂಜರ. ಮಕ್ಕಳಿಗೆ ಎಲ್ಲಕ್ಕಿಂತ ಅದೇ ಬೇಕಾಗಿತ್ತು. ನವಿಲು, ಗಿಣಿ, ಮತ್ತೆ ಒಂದು ಕರಿಯ ಮೈನಾ. ಹಳದಿ ಕೊಕ್ಕು, ತಲೆಯ ಹಿಂದೆ ಜೋತುಬಿದ್ದ ಹಳದಿ ತೊಗಲು. ಬಸ್ತರದ ಮೈನಾ ಮನುಷ್ಯರಂತೆಯೇ ಮಾತಾಡುತ್ತದೆ ಎಂದು ಹೆಸರು. ಜನ ಸರಳು ಹಿಡಿದು ನಿಂತು "ನಮಸ್ತೆ ಬೋಲ್, ನಮಸ್ತೆ ಬೋಲ್" ಎಂದು ಗಂಟಲು ಹರಿದುಕೊಂಡರೂ ಅದು ಬಾಯಿ ಬಿಡುತ್ತಿರಲಿಲ್ಲ. ಅಕ್ಕೋರು ಪಂಜರದ ಕಡೆಗೆ ಬೆನ್ನು ಮಾಡಿ ನಿಂತೇ ಅದರ ವಿವರ ಹೇಳುತ್ತಿದ್ದರು. ಒಂದು ಸಲವೂ ತಿರುಗಿ ನೋಡುತ್ತಿರಲಿಲ್ಲ. ಹಕ್ಕಿ ಮಾತ್ರ ಸರಳಿನ ಈ ತುದಿಗೆ ಸರಿದು ಬಂದು, ಕತ್ತು ಕೊಂಕಿಸಿ, ಅವರ ಬೆನ್ನನ್ನೇ ನೋಡುತ್ತ ಕೂತಿರುತ್ತಿತ್ತು.

ನಮ್ಮ ಮೊದಲ ಬೇಸಿಗೆಯ ಒಂದು ಸಂಜೆ ಗಾಳಿ ಪೂರ್ತಿ ನಿಂತಿತ್ತು. ಎಲೆ ಅಲುಗುತ್ತಿರಲಿಲ್ಲ. ಮಕ್ಕಳೂ ಯಾಕೋ ಸುಮ್ಮನಾಗಿದ್ದವು. ಆಗ ಪಂಜರದಿಂದ ಒಂದು ಹುಡುಗಿಯ ದನಿ ಬಂತು. ತೀರ ಹತ್ತಿರ, ತೀರ ಸ್ಪಷ್ಟ.

"ಅವ್ವಾ, ಬಾಗಲಾ ತಗೀ."

ನಾನು ಸುತ್ತ ನೋಡಿದೆ. ಅಲ್ಲಿ ಕನ್ನಡ ಬಲ್ಲ ಹುಡುಗಿ ನಾನೊಬ್ಬಳೇ. ನಾನು ಮಾತಾಡಿರಲಿಲ್ಲ. ದನಿ ಮತ್ತೆ ಬಂತು. ಈ ಸಲ ದಣಿದಂತೆ, ನಿಧಾನವಾಗಿ.

"ಅವ್ವಾ... ಅಲ್ಲೇ ಇದ್ದೀಯೇನ?"

ಮೈನಾದ ಕೊಕ್ಕು ಮುಚ್ಚಿಕೊಂಡಿತು. ಸುತ್ತಲಿನ ಜನ ಚಪ್ಪಾಳೆ ತಟ್ಟಿ ನಕ್ಕರು. "ಬಾಯಿ, ಹೇ ಕಾಯ ಬೋಲತೇ?" ಏನು ಹೇಳುತ್ತಿದೆ ಇದು, ಎಂದು ಒಬ್ಬರು ಕೇಳಿದರು. ಅಕ್ಕೋರ ಮುಖ ಸುಣ್ಣ ಬಳಿದಂತಾಗಿತ್ತು. ಆದರೂ ದನಿ ನಡುಗಿಸದೆ ಮರಾಠಿಯಲ್ಲಿ, ಏನೂ ಇಲ್ಲ, ಕಾಡಿನ ಭಾಷೆ ಎಂದರು. ಅವ್ವ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಬಳೆ ಒತ್ತಿ ನನಗೆ ನೋವಾಯಿತು.

ಮರುದಿನ ಅಕ್ಕೋರು ತಾವೇ ನಮ್ಮ ಮನೆಗೆ ಬಂದರು. ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಅವ್ವನಿಗೆ ಎಲ್ಲ ಹೇಳಿದರು. ನಾನು ಅಲ್ಲೇ ಅಕ್ಕಿ ಆರಿಸುತ್ತಿದ್ದೆ. ನನ್ನನ್ನು ಯಾರೂ ಎದ್ದು ಹೋಗೆನ್ನಲಿಲ್ಲ.

ಅವರಿಗೆ ಒಬ್ಬಳು ಮಗಳಿದ್ದಳು. ಗಂಡ ಆ ಮೈನಾವನ್ನು ಮರಿಯಿದ್ದಾಗಲೇ ಬಸ್ತರದಿಂದ ತಂದು ಅವಳಿಗೆ ಕೊಟ್ಟಿದ್ದರು. ಒಂದು ಬೇಸಿಗೆ ಮಗಳ ಮೈಮೇಲೆ ಸಿಡುಬು ಎದ್ದಿತು. ಆಗ ಮನೆ ತುಂಬ ಜನ, ನಾದಿನಿಯ ಹಸುಗೂಸು ಬೇರೆ. ಹಿರಿಯರು ಹುಡುಗಿಯನ್ನು ಹಿತ್ತಲ ಕೋಣೆಗೆ ಹಾಕಿ ಹೊರಗಿನಿಂದ ಚಿಲಕ ಹಾಕಿದರು. ಊಟ ಕಿಟಕಿಯಿಂದ. ಜ್ವರದ ಭರದಲ್ಲಿ ಹೊರಗೆ ಓಡಿ ಬಂದಾಳು, ತೆಗೆಯಬೇಡ ಎಂದು ಅತ್ತೆ ಅಕ್ಕೋರಿಂದ ಆಣೆ ಮಾಡಿಸಿಕೊಂಡರು. ಒಂದು ಮಟಮಟ ಮಧ್ಯಾಹ್ನ ಮನೆಯೆಲ್ಲ ಮಲಗಿದ್ದಾಗ ಹುಡುಗಿ ಕರೆಯಲು ತೊಡಗಿದಳು.

"ನಾ ಅಲ್ಲೇ ನಿಂತಿದ್ದೆರಿ. ಚಿಲಕದ ಮ್ಯಾಲ ಕೈ ಇತ್ತು. ಆಣಿ ಮಾಡಿದ್ದೆ. ತಗೀಲಿಲ್ಲ. ಇದ್ದೀನವ್ವಾ ಅಂತನೂ ಅನಲಿಲ್ಲ. ಅಂದ್ರ ನನ್ನ ಕೈ ತಡೀತಿರಲಿಲ್ಲ" ಎಂದರು ಅಕ್ಕೋರು. "ಸಂಜೀ ಮುಂದ ದನಿ ನಿಂತಿತು. ಹಕ್ಕಿ ಪಡಸಾಲ್ಯಾಗ ಇತ್ತು. ಕೇಳಿಸ್ಕೊಂಡಿತ್ತು."

ಮಗಳು ಹೋದ ಮೇಲೆ ಎಷ್ಟೋ ದಿನ ಹಕ್ಕಿ ಸುಮ್ಮನಿತ್ತಂತೆ. ಆಮೇಲೆ ಒಂದು ಮಧ್ಯಾಹ್ನ, ಅದೇ ಹೊತ್ತಿಗೆ, ಅದೇ ದನಿಯಲ್ಲಿ ಕರೆಯಿತು. ಅಕ್ಕೋರು ಓಡಿ ಹೋಗಿ ಹಿತ್ತಲ ಕೋಣೆಯ ಬಾಗಿಲು ತೆರೆದರು. ಒಳಗೆ ಬರಿದಾದ ಮಂಚ. ಮತ್ತೆ ಕರೆಯಿತು, ಮತ್ತೆ ತೆರೆದರು. ಹುಚ್ಚು ಹಿಡಿದೀತೆಂದು ಗಂಡ ಹಕ್ಕಿಯನ್ನು ಹಾರಿಬಿಡಲು ಹೊರಟರು. ಅಕ್ಕೋರು ಬಿಡಲಿಲ್ಲ. ಹಾರಿ ಹೋದರೆ ಮಗಳ ದನಿ ಎಲ್ಲಿ ಹೋದೀತು? ಮನೆಯಲ್ಲಿ ಇಟ್ಟುಕೊಳ್ಳಲಾರರು, ಬಿಡಲಾರರು. ತೋಟಕ್ಕೆ ಕೊಟ್ಟರು. ಕೊಟ್ಟ ಮೇಲೆ ದೂರ ಇರಲಾಗದೆ ತೋಟದ ಸಾಹೇಬರನ್ನು ಕಂಡು, ಬೇಸಿಗೆಯ ಕಾರ್ಯಕ್ರಮ ನಾನು ನಡೆಸುತ್ತೇನೆ ಎಂದು ಕೇಳಿ ಪಡೆದರು.

ಅವ್ವ ಕಣ್ಣೊರೆಸಿಕೊಂಡಳು. ಆದರೆ ಆವತ್ತಿನಿಂದ ಪಂಜರದ ಹತ್ತಿರ ಹೋದರೆ ತನ್ನ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಹಕ್ಕಿ ಆಗೀಗ ಆ ಮಾತು ಹೇಳುತ್ತಲೇ ಇತ್ತು. ಗಾಳಿ ನಿಂತು ಎಲ್ಲೆಡೆ ಸದ್ದಡಗಿದಾಗ ಮಾತ್ರ. ಬರುಬರುತ್ತ ತೋಟಕ್ಕೆ ಬರುವವರಿಗೆಲ್ಲ ಅದು ರೂಢಿಯಾಯಿತು. ಅರ್ಥ ತಿಳಿಯದ ಮರಾಠಿ ಮಕ್ಕಳು ಆಟವಾಡುತ್ತ ಅದನ್ನೇ ಅನುಕರಿಸಿ ಕೂಗುತ್ತಿದ್ದವು. ಆಗೆಲ್ಲ ಅಕ್ಕೋರು ಮುಂದಿನ ಮರದ ಹೆಸರು ಹೇಳುತ್ತ ದೊಡ್ಡ ಹೆಜ್ಜೆ ಹಾಕುತ್ತಿದ್ದರು.

ಮುಂದಿನ ಬೇಸಿಗೆ. ನನಗಾಗ ಒಂಬತ್ತೋ ಹತ್ತೋ. ಅಕ್ಕೋರಿಗೆ ನನ್ನ ಮೇಲೆ ಜೀವ. ಹಕ್ಕಿಗಳಿಗೆ ಕಾಳು ಹಾಕುವ ಕೆಲಸ ನನಗೆ ಕೊಡಿಸಿದ್ದರು. ಪಂಜರದ ಹಿಂಗೋಡೆಗೆ ತಗಲಿ ತಗಡಿನ ಛಾವಣಿಯ ಒಂದು ಸಣ್ಣ ಕಾಳಿನ ಕೋಣೆ, ಅದರ ಮೇಲೆ ಬಾಗಿದ ಆ ಶಿರೀಷದ ಮರ. ಆ ಸಂಜೆ ನಾನು ಒಳಗೆ ಬಗ್ಗಿ ಡಬ್ಬಿಯಲ್ಲಿ ಕಾಳು ತುಂಬಿಕೊಳ್ಳುತ್ತಿದ್ದಾಗ ಹೊರಗೆ ಒಮ್ಮೆಲೇ ಮಬ್ಬಾಯಿತು. ಬೇಸಿಗೆಯ ಧೂಳಿನ ಬಿರುಗಾಳಿ, ಊರವರು ಆಂಧಿ ಎನ್ನುವುದು, ಹೇಳದೆ ಕೇಳದೆ ನುಗ್ಗಿತ್ತು. "ಚಲೋ, ಜಲ್ದಿ, ಜಲ್ದಿ!" ಎಂದು ಕಾವಲುಗಾರ ಜನರನ್ನು ಗೇಟಿನ ಕಡೆಗೆ ಅಟ್ಟುತ್ತಿದ್ದ ದನಿ ಕೇಳಿತು. ಓಡುವ ಗಡಿಬಿಡಿಯಲ್ಲಿ ಅವನು ಗಾಳಿಗೆ ಬಡಿದುಕೊಳ್ಳುತ್ತಿದ್ದ ಕಾಳಿನ ಕೋಣೆಯ ಬಾಗಿಲನ್ನು ಎಳೆದು, ಒಳಗೆ ನೋಡದೆ, ಚಿಲಕ ಹಾಕಿಬಿಟ್ಟ.

ನಾನು ಬಾಗಿಲು ಗುದ್ದಿದೆ. ತಗಡಿನ ಸದ್ದಿನಲ್ಲಿ ನನ್ನ ಗುದ್ದು ನನಗೇ ಕೇಳಲಿಲ್ಲ. ಕೂಗಲು ಬಾಯಿ ತೆರೆದೆ. ಸಂದಿಯಿಂದ ನುಗ್ಗುತ್ತಿದ್ದ ಧೂಳು ಗಂಟಲಿಗೆ ತುಂಬಿತು. ಕೆಮ್ಮುತ್ತ ಮೂಲೆಯಲ್ಲಿ ಕುಸಿದೆ. ದನಿ ಹೊರಡಲೇ ಇಲ್ಲ. ಇದನ್ನು ನಾನು ಈಗಲೂ ಆಣೆ ಮಾಡಿ ಹೇಳಬಲ್ಲೆ. ನಾನು ಒಂದು ಮಾತೂ ಕೂಗಲಿಲ್ಲ.

ಗೋಡೆಯಾಚೆಯಿಂದ ಹುಡುಗಿ ಕೂಗಿದಳು.

"ಅವ್ವಾ, ಬಾಗಲಾ ತಗೀ! ಅವ್ವಾ, ಬಾಗಲಾ ತಗೀ, ಜಲ್ದಿ!"

ಹೊರಗೆ ನಡೆದದ್ದನ್ನು ಅವ್ವ ಆಮೇಲೆ ಎಷ್ಟೋ ವರ್ಷ ಹೇಳಿಕೊಂಡು ಅತ್ತಳು. ಧೂಳಿನಲ್ಲಿ ಯಾರಿಗೂ ಯಾರೂ ಕಾಣುತ್ತಿರಲಿಲ್ಲ. ನಾನು ಅಪ್ಪನ ಜೊತೆ ಇದ್ದೇನೆಂದು ಅವ್ವ, ಅವ್ವನ ಜೊತೆ ಇದ್ದೇನೆಂದು ಅಪ್ಪ. ಕೂಗು ಗೇಟಿನವರೆಗೂ ಕೇಳಿತು. "ಮೈನಾ ಚಿಲ್ಲಾ ರಹೀ ಹೈ", ಮೈನಾ ಅರಚುತ್ತಿದೆ, ಎಂದರು ಯಾರೋ. ಅವ್ವ ರೂಢಿಯಂತೆ ಕಿವಿ ಮುಚ್ಚಿಕೊಂಡಳು. ಅಕ್ಕೋರು ಮಾತ್ರ ನಿಂತರು. ಅಪ್ಪ ಅವರ ಮೊಣಕೈ ಹಿಡಿದು, "ಹಕ್ಕಿ ಅದು, ಅಕ್ಕೋರ. ಬರ್ರಿ, ಗಿಡ ಮುರಿಯಾಕತ್ತಾವು" ಎಂದರು. ಅಕ್ಕೋರು ಕೈ ಕೊಡವಿಕೊಂಡು ಧೂಳಿನೊಳಗೆ ತಿರುಗಿ ಓಡಿದರು.

ಚಿಲಕ ಸರಿದ ಸದ್ದಾಯಿತು. ಬಾಗಿಲಲ್ಲಿ ಕಂದು ಬೆಳಕು, ಬಿಚ್ಚಿ ಹಾರುವ ಕೂದಲು, ಸೀಳಿದ ಕಿವಿ. ಅವರು ನನ್ನನ್ನು ಕರೆದರು. ಅದು ನನ್ನ ಹೆಸರಾಗಿರಲಿಲ್ಲ. ನಾನು ಅದಕ್ಕೆ ಓಗೊಟ್ಟು ಎದ್ದೆ. ರಟ್ಟೆ ಹಿಡಿದು ನನ್ನನ್ನು ಹೊರಗೆಳೆದು ಹುಲ್ಲಿನ ಮೇಲೆ ಕೆಡವಿದರು. ನಾವು ಏಳುವ ಮೊದಲೇ ಶಿರೀಷದ ದೊಡ್ಡ ಕೊಂಬೆ ಲಟಲಟನೆ ಸೀಳಿ ಬಂದು ತಗಡಿನ ಮೇಲೆ ಬಿತ್ತು. ಕಾಳಿನ ಕೋಣೆ ಕಾಗದದ ಡಬ್ಬಿಯಂತೆ ಅಪ್ಪಚ್ಚಿಯಾಯಿತು.

ಅಕ್ಕೋರು ಆ ಕಡೆ ನೋಡಲೇ ಇಲ್ಲ. ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಬೆರಳ ತುದಿಯಿಂದ ಹಣೆ, ಕೆನ್ನೆ, ರೆಪ್ಪೆ ಎಲ್ಲ ಸವರಿ ಸವರಿ ನೋಡುತ್ತಿದ್ದರು. ಅವರು ಸಿಡುಬಿನ ಗುಳ್ಳೆ ಹುಡುಕುತ್ತಿದ್ದರೆಂದು ತಿಳಿಯಲು ನನಗೆ ಬಹಳ ವರ್ಷ ಬೇಕಾದವು. "ಏನೂ ಇಲ್ಲ, ಎಲ್ಲಾ ಹೋಗ್ಯಾವ, ಎಲ್ಲಾ ಹೋಗ್ಯಾವ" ಎಂದು ಹೇಳುತ್ತಲೇ ಇದ್ದರು.

ಪಂಜರಕ್ಕೆ ಏನೂ ಆಗಿರಲಿಲ್ಲ. ಮೈನಾ ಬದುಕಿತು. ಆದರೆ ಆ ಮಾತನ್ನು ಅದು ಮತ್ತೆಂದೂ ಆಡಲಿಲ್ಲ. ಗಾಳಿ ನಿಂತ ಸಂಜೆಗಳಲ್ಲಿ ನಾನೂ ಅಕ್ಕೋರೂ ಪಂಜರದ ಮುಂದೆ ಉಸಿರು ಹಿಡಿದು ಕಾಯುತ್ತಿದ್ದೆವು. ಮುಂದೆ ಅದು ರೈಲ್ವೆ ಯಾರ್ಡಿನ ಇಂಜಿನ್ನಿನ ಸಿಳ್ಳು ಕಲಿತು, ಸಾಯುವವರೆಗೂ ಅದನ್ನೇ ಹಾಕುತ್ತಿತ್ತು.

ಅಕ್ಕೋರು ಮಾತ್ರ ಬದಲಾದರು. ಪಂಜರಕ್ಕೆ ಮುಖ ಮಾಡಿ ನಿಂತು ಪಾಠ ಹೇಳತೊಡಗಿದರು. ನನ್ನನ್ನು ಶಾಲೆ ಬಿಡಿಸುವ ಮಾತು ಮನೆಯಲ್ಲಿ ಬಂದಾಗ ಅಪ್ಪನ ಎದುರು ಕೂತು, "ಈಕಿ ನನ್ನ ಮಗಳೂ ಹೌದು. ನಾ ಕಲಸ್ತೀನಿ" ಎಂದುಬಿಟ್ಟರು. ಅಪ್ಪ ಎದುರಾಡಲಿಲ್ಲ. ಗಿಡಗಳ ವಿಷಯ ನನಗೆ ಗೊತ್ತಿರುವುದೆಲ್ಲ, ಮುಂದೆ ನಾನು ಕಾಲೇಜಿನಲ್ಲಿ ಕಲಿತದ್ದು, ಕಲಿಸಿದ್ದು, ಎಲ್ಲಕ್ಕೂ ಬುಡ ಅಲ್ಲಿದೆ.

ದಶಕ ಮುಗಿಯುತ್ತ ಬಂದಾಗ, ಒಂದು ಮೇ ತಿಂಗಳಲ್ಲಿ, ಅಕ್ಕೋರು ಹಾಸಿಗೆ ಹಿಡಿದರು. ನಾನು ಲಾವಂಚದ ಪರದೆಗೆ ನೀರು ಚಿಮುಕಿಸಿ ಅವರ ಹತ್ತಿರ ಕೂತಿರುತ್ತಿದ್ದೆ. ಒಂದು ಮಧ್ಯಾಹ್ನ, ಅಷ್ಟು ವರ್ಷ ಕೇಳದ್ದನ್ನು ಕೇಳಿದೆ.

"ಅಕ್ಕೋರ, ಆವತ್ತ ಎಲ್ಲಾರೂ ಹಕ್ಕಿ ಅಂದ್ರು. ನೀವ ಯಾಕ ಬಂದ್ರಿ?"

"ನನಗೂ ಹಕ್ಕಿ ಅಂತ ಗೊತ್ತಿತ್ತವಾ" ಎಂದರು. "ಖರೇ ಅಂದ್ರ, ನನ್ನ ಮಗಳು ಜಲ್ದಿ ಅಂತ ಒಮ್ಮಿನೂ ಅಂದಿದ್ದಿಲ್ಲ. ಪಾಪ, ಭಾಳ ಸಮಾಧಾನಲೆ ಕೇಳಿದ್ಲು. ಆ ಮಾತು ಹಕ್ಕೀಗೆ ಆ ಕಾವಲುಗಾರನಿಂದ ಬಂದಿರಬೇಕು ಅಂತ ಇಟ್ಕೊ. ಯಾರಿಂದರ ಬರಲಿ. ನಾ ವಿಚಾರ ಮಾಡಲಿಲ್ಲ. ಒಮ್ಮೆ ವಿಚಾರ ಮಾಡಿ ನಿಂತಿದ್ದೆ. ಸಾಕಾಗಿತ್ತು."

ಎರಡು ದಿನದ ಮೇಲೆ ನಸುಕಿನಲ್ಲಿ ಅಕ್ಕೋರು ಹೋದರು. ಬಸ್ತರದಿಂದ ಗಂಡ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವರ ಮೈ ತೊಳೆದವಳು ನಮ್ಮವ್ವ.

ಆ ಸಂಜೆ ತೋಟದಲ್ಲಿ ಆ ವರ್ಷದ ಮೊದಲ ಕಾರ್ಯಕ್ರಮವಿತ್ತು. ಸುದ್ದಿ ತಿಳಿಯದ ಮನೆಮಂದಿ ಮಕ್ಕಳನ್ನು ಕಟ್ಟಿಕೊಂಡು ಬಂದು ಗೇಟಿನೊಳಗೆ ಕಾಯುತ್ತಿದ್ದರು. "ಹೋಗಿ ಹೇಳಿ ಬಾ" ಎಂದು ಅವ್ವ ನನ್ನನ್ನು ಕಳಿಸಿದಳು. ನಾನು ಹೋಗಿ ಹೇಳಿದೆ. ಯಾರೂ ಮನೆಗೆ ಹೊರಡಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಹತ್ತಿರದ ಬೇವಿನ ಮರದ ಬುಡಕ್ಕೆ ಹೋಗಿ ನಿಂತೆ. ಮಕ್ಕಳು ಬಂದು ಸುತ್ತ ನಿಂತವು. ಮರದ ಹೆಸರು ಹೇಳಿದೆ. ಮುಂದಿನ ಮಾತಿಗೆ ಮೊದಲು ಅಕ್ಕೋರು ನಿಲ್ಲುತ್ತಿದ್ದ ಕಡೆ ತಿರುಗಿದೆ. ಮುಂದೆ ನಿಂತಿದ್ದ ಹೆಂಗಸೊಬ್ಬಳು ತನ್ನ ತಂಬಿಗೆಯ ಮುಚ್ಚಳದಲ್ಲಿ ನನಗೆ ನೀರು ಕೊಟ್ಟಳು. ಕುಡಿದು ಮುಗಿಸುವವರೆಗೆ ಕಾದು, ನನ್ನ ಬೆನ್ನ ಮೇಲೆ ಕೈಯಿಟ್ಟಳು.

"ಸಾಂಗ, ಪೋರೀ" ಎಂದಳು. ಹೇಳು ಮಗಳೇ, ಹೇಳು.

ನಾನು ಹೇಳತೊಡಗಿದೆ.