ಸೂಜಿ ಇಲ್ಲದ ಮನೆ

ಹೋದ ವಾರ ಮೊಮ್ಮಗಳು ತನ್ನ ಹಳೆಯ ಟೀ ಶರ್ಟೊಂದನ್ನು ನೆಲದ ಮೇಲೆ ಹರಡಿ, ತೋಳು ಮತ್ತು ಕತ್ತಿನ ಪಟ್ಟಿಯನ್ನು ಕತ್ತರಿಸಿ ತೆಗೆದಳು. ಕೆಳಗಿನ ಅಂಚನ್ನು ಬೆರಳಗಲಕ್ಕೆ ಸೀಳಿ, ಮುಂಭಾಗದ ಪಟ್ಟಿಗೆ ಹಿಂಭಾಗದ್ದನ್ನು ಸೇರಿಸಿ ಗಂಟು ಹಾಕುತ್ತ ಹೋದಳು. ಸ್ವಲ್ಪ ಹೊತ್ತಿಗೆ ಅದು ಕೈಚೀಲವಾಯಿತು. “ನೋಡಜ್ಜಿ, ಒಂದು ಹೊಲಿಗೆನೂ ಇಲ್ಲ” ಎಂದಳು. ಫೋನಿನಲ್ಲಿ ನೋಡಿ ಕಲಿತಳಂತೆ. ಆ ಗಂಟುಗಳ ಸಾಲನ್ನು ನಾನು ಗಾವಡಗೆರೆಯಲ್ಲಿ ನೋಡಿದ್ದೆ, ಅವಳ ಅಮ್ಮ ಹುಟ್ಟುವುದಕ್ಕೂ ಮೊದಲು…

ಮದುವೆಯಾಗಿ ಆ ಊರಿಗೆ ಬಂದಾಗ ನನಗೆ ಹದಿನೆಂಟು. ನನ್ನವರು ಅಲ್ಲಿನ ಶಾಲೆಯಲ್ಲಿ ಮೇಷ್ಟ್ರು. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ, ಮುಂದೆ ಒಂದೇ ಜಗಲಿ. ಅಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದರು. ಗಂಡ ವೀರನಹೊಸಹಳ್ಳಿ ಕಡೆಯಿಂದ ಹುಣಸೂರಿಗೆ ಎತ್ತಿನ ಗಾಡಿಯಲ್ಲಿ ಮರ ಸಾಗಿಸುತ್ತಿದ್ದರು. ಹೆಂಡತಿಗೆ ನಲವತ್ತು ದಾಟಿತ್ತು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ಅವರಿಗೆ ನಾನು ಮೇಷ್ಟ್ರಮ್ಮ. ಅಷ್ಟು ಚಿಕ್ಕವಳಾದರೂ ನನ್ನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದರು.

ದಿಮ್ಮಿ ಹೊತ್ತು ಹೊತ್ತು ಆ ಗಂಡನ ಅರ್ಧ ತೋಳಿನ ಬನಿಯನ್ನು ಹೆಗಲಲ್ಲಿ ಬೇಗ ಹರಿಯುತ್ತಿತ್ತು. ಕೆಳಗಿನ ಬಟ್ಟೆ ಮಾತ್ರ ಗಟ್ಟಿಯಾಗಿರುತ್ತಿತ್ತು. ಅಕ್ಕ ಅದನ್ನು ಒಗೆದು, ಹರಿದದ್ದನ್ನು ಕತ್ತರಿಸಿ ತೆಗೆದು, ಉಳಿದದ್ದರಲ್ಲಿ ಏನಾದರೂ ಮಾಡುತ್ತಿದ್ದರು. ಪಟ್ಟಿ ಕತ್ತರಿಸಿ ಎಳೆದರೆ ಅಂಚು ತಾನಾಗಿಯೇ ಸುರುಳಿ ಸುತ್ತಿಕೊಂಡು ದಾರದಂತಾಗುತ್ತಿತ್ತು. ಅದನ್ನು ಜಡೆ ಹೆಣೆದು ದುಂಡಗೆ ಸುತ್ತಿದರೆ ಬಿಂದಿಗೆ ಹೊರಲು ತಲೆಯ ಮೇಲಿಡುವ ಸಿಂಬಿ. ತಳಕ್ಕೆ ಗಂಟು ಹಾಕಿದರೆ ಗಂಡನ ಬುತ್ತಿಯ ಚೀಲ. ನನಗೂ ಒಂದು ಎಲೆಯಡಿಕೆ ಚೀಲ ಮಾಡಿಕೊಟ್ಟಿದ್ದರು. ನಾನು ಎಲೆಯಡಿಕೆ ಹಾಕುತ್ತಿರಲಿಲ್ಲ, ಅದರಲ್ಲಿ ಹೇರ್‌ಪಿನ್ನು ಇಟ್ಟುಕೊಂಡಿದ್ದೆ.

ಒಮ್ಮೆ ರವಿಕೆಯ ಗುಂಡಿ ಕಿತ್ತುಬಂದು, ಸೂಜಿ ಕೇಳಲು ಅವರ ಬಾಗಿಲಿಗೆ ಹೋದೆ.

“ನಮ್ಮನೇಲಿ ಸೂಜಿ ಇಲ್ಲ ಕಣ್ರವ್ವ” ಎಂದರು. ಅಷ್ಟೇ.

ಕಾರಣ ಬಾವಿಯ ಬಳಿ ಬೇರೆಯವರಿಂದ ತಿಳಿಯಿತು. ಅಕ್ಕನಿಗೆ ಐದು ಹೆರಿಗೆಯಾಗಿತ್ತು. ಒಂದೂ ಉಳಿದಿರಲಿಲ್ಲ. ಚೊಚ್ಚಲು ಬಸುರಿನಲ್ಲಿ ಕುಲಾವಿ, ಅಂಗಿ ಎಲ್ಲ ಮೊದಲೇ ಹೊಲಿದಿಟ್ಟಿದ್ದರಂತೆ. ಆ ಮಗು ಹೋದ ಮೇಲೆ ಸೂಜಿಯನ್ನು ಯಾರಿಗೋ ಕೊಟ್ಟವರು ಮತ್ತೆ ತರಲೇ ಇಲ್ಲ. ಹೇಳಿದ ಹೆಂಗಸು ದನಿ ತಗ್ಗಿಸಿ, “ನೀವು ಬಸುರಿ, ವಸಿ ದೂರ ಇರಿ” ಎಂದೂ ಸೇರಿಸಿದಳು. ನಾನು ಹೂಂಗುಟ್ಟಿದೆ.

ಬಾಣಂತನಕ್ಕೆ ನಾನು ಕೆ.ಆರ್. ನಗರದ ತವರಿಗೆ ಹೋಗುವುದೆಂದಾಗಿತ್ತು. ಆದರೆ ಎಂಟನೆಯ ತಿಂಗಳಲ್ಲೇ ಒಂದು ಬೆಳಿಗ್ಗೆ ನೋವು ಬಂತು. ಸೂಲಗಿತ್ತಿ ಬಂದಳು, ಮಧ್ಯಾಹ್ನದ ಒಳಗೆ ಹೆರಿಗೆಯಾಯಿತು. ಮಗು ಅಂಗೈ ಮೇಲೆ ಹಿಡಿಯುವಷ್ಟಿತ್ತು. ಅತ್ತದ್ದು ಕೇಳಿಸಲೇ ಇಲ್ಲ. ಸೂಲಗಿತ್ತಿ ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ಮೊರದಲ್ಲಿ ಮಲಗಿಸಿ, “ಆಸೆ ಮಡಿಕ್ಕಬ್ಯಾಡ ಕಣವ್ವ” ಎಂದು ಹೇಳಿ ಕೈತೊಳೆಯಲು ಹೋದಳು. ನನ್ನವರು ಡಾಕ್ಟರನ್ನು ಕರೆತರಲು ಸೈಕಲ್ಲಿನಲ್ಲಿ ಹುಣಸೂರಿಗೆ ಹೊರಟರು. ನಾನು ಮಗುವಿನ ಕಾಲು ಮುಟ್ಟಿ ನೋಡಿದೆ. ತಣ್ಣಗಿತ್ತು.

ಆಗ ಅಕ್ಕ ಒಳಗೆ ಬಂದರು. ಕೈಯಲ್ಲಿ ಒಗೆದ ಬನಿಯನ್ನು, ಕತ್ತರಿ. ಯಾರನ್ನೂ ಕೇಳಲಿಲ್ಲ. ಹೆಗಲು, ತೋಳು ಕತ್ತರಿಸಿ ಬದಿಗಿಟ್ಟರು, ಉಳಿದ ಕೊಳವೆಯನ್ನು ನನ್ನ ತಲೆಯ ಮೇಲಿಂದ ಎದೆಗೆ ಇಳಿಸಿದರು. ಮಗುವಿನ ಸೀರೆ ಬಿಚ್ಚಿ, ಬರಿಮೈಯಲ್ಲಿ ಅದನ್ನು ನನ್ನ ಎದೆಗೂ ಬನಿಯನ್ನಿಗೂ ನಡುವೆ ತೂರಿಸಿದರು. ಎರಡು ಪಟ್ಟಿ ಸೀಳಿ ನನ್ನ ಹೆಗಲ ಮೇಲೆ ಎಳೆದು ಕಟ್ಟಿದರು. ತೋಳಿನ ತುಂಡಿಗೆ ಒಂದು ಕಡೆ ಗಂಟು ಹಾಕಿದ್ದೇ ಮಗುವಿಗೆ ಕುಲಾವಿಯಾಯಿತು.

“ಇಳಿಸ್ಬ್ಯಾಡ. ಉಣ್ಣುವಾಗ್ಲೂ ಇಳಿಸ್ಬ್ಯಾಡ” ಎಂದರು. ನನ್ನನ್ನು ಅವರು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.

“ಇದನ್ನ ಯಾರು ಹೇಳ್ಕೊಟ್ರಕ್ಕ?”

ಅವರು ಕತ್ತರಿಯನ್ನು ಸೆರಗಿನಲ್ಲಿ ಒರೆಸುತ್ತಿದ್ದರು. “ಯಾರೂ ಇಲ್ಲ. ನನ್ನ ಐದ್ನೇದು ಎದೆ ಮ್ಯಾಲಿರೋಗಂಟ ಚೆಂದಾಗಿತ್ತು. ಇಳಿಸ್ಬುಟ್ಟೆ…”

ಸಂಜೆ ಬಂದ ಡಾಕ್ಟರು ಮಗುವನ್ನು ನೋಡಿ, ಕಟ್ಟನ್ನು ನೋಡಿ, “ಇದನ್ನ ಬಿಚ್ಚಬೇಡಿ” ಎಂದಷ್ಟೇ ಹೇಳಿ ಹೋದರು. ಮಗುವಿಗೆ ಚೀಪಲು ಶಕ್ತಿಯಿರಲಿಲ್ಲ. ಅಕ್ಕ ಹಾಲನ್ನು ಒಳಲೆಗೆ ಹಿಂಡಿಸಿ ಹನಿಹನಿಯಾಗಿ ಬಾಯಿಗೆ ಬಿಡುತ್ತಿದ್ದರು. ನಾನು ಸ್ನಾನಕ್ಕೆ ಏಳಬೇಕಾದಾಗ ತಾವೂ ಅಂಥದೇ ಒಂದು ಬನಿಯನ್ನು ತೊಟ್ಟು ಮಗುವನ್ನು ತಮ್ಮ ಎದೆಗೆ ಇಳಿಸಿಕೊಳ್ಳುತ್ತಿದ್ದರು. ಆಗೆಲ್ಲ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಅಲುಗಾಡದೆ ಕೂತಿರುತ್ತಿದ್ದರು.

ನಾಲ್ಕನೆಯ ದಿನ ಕೆ.ಆರ್. ನಗರದಿಂದ ಬಂದ ನನ್ನ ಅಮ್ಮ ಮೊದಲು ಕಂಡದ್ದು ಅದನ್ನೇ. ಅಕ್ಕನ ಎದುರಿಗೆ ಏನೂ ಅನ್ನಲಿಲ್ಲ. ಅವರು ಹೋದ ಮೇಲೆ ಅಂದರು: “ಐದು ಮಕ್ಳನ್ನ ಕಳ್ಕೊಂಡೋಳ ಎದೆ ಮ್ಯಾಲೆ ಮಗೀನ ಮಲಗಿಸ್ತಾರೇನೇ?” ಮರುದಿನದಿಂದ ನಾನು ಏಳುವಾಗ ಮಗುವನ್ನು ಅಮ್ಮನೇ ಎತ್ತಿಕೊಂಡರು. ಅಕ್ಕನಿಗೆ ಹೇಳಬೇಕಾಗಲಿಲ್ಲ. ಅವರು ಒಗೆದ ಬನಿಯನ್ನುಗಳನ್ನು ಮಡಚಿ ಜಗಲಿಯ ಮೇಲಿಟ್ಟು ಹೋಗುತ್ತಿದ್ದರು.

ಮಗು ಉಳಿಯಿತು. ನಲವತ್ತು ದಿನಕ್ಕೆ ಕೆನ್ನೆ ತುಂಬಿತು. ಮೂರನೆಯ ತಿಂಗಳಲ್ಲಿ ನಾಮಕರಣ ಇಟ್ಟುಕೊಂಡೆವು. ಊರಿನ ಅರ್ಧ ಜನರನ್ನು ಕರೆದೆವು. ಪಕ್ಕದ ಮನೆಯನ್ನು ಕರೆಯುವುದು ಬೇಡವೆಂದು ಅಮ್ಮನೂ ನಾಮಕರಣಕ್ಕೆಂದು ಬಂದಿದ್ದ ಅತ್ತೆಯೂ ತೀರ್ಮಾನಿಸಿದರು. ನನ್ನವರು ನನ್ನ ಮುಖ ನೋಡಿದರು. ನಾನು ಒಂದು ಮಾತು ಹೇಳಿದ್ದರೆ ಅವರು ಹೋಗಿ ಕರೆದು ಬರುತ್ತಿದ್ದರು. ನಾನು ಹೇಳಲಿಲ್ಲ.

ಆ ದಿನ ಬೆಳಿಗ್ಗೆ ಬಾಗಿಲಿಗೆ ತೋರಣ ಕಟ್ಟುವಾಗ ಅಕ್ಕ ಮನೆಗೆ ಬೀಗ ಹಾಕಿ ಹೊರಟಿದ್ದರು. “ಉಣಸೂರು ಸಂತೆಗೆ ಓಯ್ತಿವ್ನಿ” ಎಂದರು. ಆ ದಿನ ಹುಣಸೂರಿನಲ್ಲಿ ಸಂತೆ ಇರಲಿಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. “ಆಗಲಿ ಅಕ್ಕ” ಎಂದೆ.

ಮರುದಿನ ಜಗಲಿಯಲ್ಲಿ ಸಿಕ್ಕಾಗ, “ಏನ್ ಎಸ್ರು ಕಟ್ಟುದ್ರಿ ಮೇಷ್ಟ್ರಮ್ಮ?” ಎಂದು ಕೇಳಿದರು. ಹೇಳಿದೆ. ಮೆಲ್ಲಗೆ ಒಂದು ಸಲ ತಾವೂ ಹೇಳಿ ನೋಡಿದರು. “ಚೆಂದಾಗದೆ” ಎಂದರು. ಅಲ್ಲಿಂದ ಮುಂದೆ ನಾನು ಅವರಿಗೆ ಮತ್ತೆ ಬಹುವಚನವೇ.

ಮರುವರ್ಷ ನನ್ನವರಿಗೆ ಪಿರಿಯಾಪಟ್ಟಣದ ಕಡೆಗೆ ವರ್ಗವಾಯಿತು. ಸಾಮಾನನ್ನು ಗಾಡಿಗೆ ಹೇರಿದ್ದೂ ಅಕ್ಕನ ಗಂಡನೇ. ಮೂರ್ನಾಲ್ಕು ವರ್ಷದ ಮೇಲೆ ಅಲ್ಲೇ ಹತ್ತಿರದ ಕೊಪ್ಪದ ಸಂತೆಯಲ್ಲಿ ಅಕ್ಕನ ಗಂಡ ಒಬ್ಬರೇ ಕಂಡರು. ಮೈಮೇಲಿನ ಬನಿಯನ್ನು ಹೆಗಲಲ್ಲಿ ಹರಿದು, ಒಳಗಿನ ಚರ್ಮ ಕಾಣುತ್ತಿತ್ತು. “ನಮ್ಮೋಳು ಓಗ್ಬುಟ್ಲು ಕಣವ್ವ, ಓದ್ವರ್ಸ. ಜ್ವರ ಬಂದಿತ್ತು” ಎಂದರು. ಬಗ್ಗಿ, ನನ್ನ ಸೆರಗು ಹಿಡಿದು ನಿಂತಿದ್ದ ಮಗಳನ್ನು ನೋಡಿ, ಅವಳ ಹೆಸರು ಹಿಡಿದು ಕರೆದರು. ಅವರ ಮನೆಯಲ್ಲಿ ಆ ಹೆಸರು ಆಗಾಗ ಬರುತ್ತಿತ್ತಂತೆ.

ಆ ಮಗಳಿಗೆ ಈಗ ಅರವತ್ತು ದಾಟಿದೆ. ಎಂಟು ತಿಂಗಳಿಗೇ ಹುಟ್ಟಿದವಳು, ದೇವರು ಉಳಿಸಿದ ಎಂದಷ್ಟೇ ಇಲ್ಲಿಯವರೆಗೆ ಅವಳಿಗೆ ಹೇಳಿದ್ದೆ. ಹೋದ ವಾರ, ಮೊಮ್ಮಗಳು ಕತ್ತರಿ ಎತ್ತಿಟ್ಟ ಮೇಲೆ, ಎಲ್ಲವನ್ನೂ ಮಗಳಿಗೆ ಹೇಳಿದೆ.

“ಅವ್ರನ್ನ ಕರೀಬೇಕಿತ್ತಲ್ವಾಮ್ಮ?” ಎಂದು ಕೇಳಿದಳು.

“ಕರೀಬೇಕಿತ್ತು” ಎಂದೆ. ಅಷ್ಟು ವರ್ಷದಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.